ಮನದೊಳಗೆ ಮರಳಿ ಮರಳಿ ಮೊಳಗುವ ಹಾಡು

ಪರೀಕ್ಷೆ ಮುಗಿದ ಮರುದಿನ ವಿದ್ಯಾರ್ಥಿಯೊಬ್ಬನು ನನ್ನ ಬಳಿಗೆ ಬಂದು ವಿಚಿತ್ರವಾದ ದೂರೊಂದನ್ನು ಹೇಳಿದನು. ಉಷ್ಣಗತಿಶಾಸ್ತ್ರದ ಲೆಕ್ಕವನ್ನು ಬಿಡಿಸಲು ಕುಳಿತೊಡನೆಯೇ 'ಬೆಳ್ಳಿಮೋಡ' ಚಿತ್ರದ ಹಾಡೊಂದು ಅವನ ತಲೆಯೊಳಗೆ ತಾನೇ ತಾನಾಗಿ ಮೊಳಗತೊಡಗಿತಂತೆ. ಮುಂಜಾನೆ ಗಾಂಧಿಬಜಾರಿನ ಅಂಗಡಿಯೊಂದರಲ್ಲಿ ಅದನ್ನು ಕೇಳಿದ್ದನಷ್ಟೆ. "ಎಷ್ಟು ತಳ್ಳಿದರೂ ಹೋಗಲಿಲ್ಲ, ಸಾರ್. ನನ್ನ ಬುದ್ಧಿಯಲ್ಲೇ ಏನಾದರೂ ದೋಷವಿದೆಯೆ?" ಎಂದು ಕೇಳುವಾಗ ಅವನ ಮುಖದಲ್ಲಿ ನಿಜವಾದ ಅಂಜಿಕೆಯಿತ್ತು.

ದೋಷವೇನೂ ಇಲ್ಲ; ಇದು ಬಹುಮಂದಿಯ ಅನುಭವ. ಜರ್ಮನರು ಇದಕ್ಕೆ 'ಕಿವಿಹುಳು' ಎಂದೇ ಹೆಸರಿಟ್ಟಿದ್ದಾರೆ. ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ' ತೆರೆಕಂಡುದು 1967ರಲ್ಲಿ. ಅದಕ್ಕೆ ವಿಜಯಭಾಸ್ಕರರು ಕೂಡಿಸಿದ ಸ್ವರಗಳು ದಶಕಗಳು ಕಳೆದ ಮೇಲೆ ಹುಟ್ಟಿದ ತರುಣನ ತಲೆಯಲ್ಲಿ ಹೇಗೆ ನೆಲೆಸಿದುವು?

ಮೊದಲು, ರಾಗದ ಎಳೆ ಎಂದರೇನೆಂಬುದನ್ನು ನೋಡೋಣ. ಷಡ್ಜವನ್ನು ಸೆಕೆಂಡಿಗೆ 240 ಕಂಪನಗಳಲ್ಲಿ ಹಿಡಿದರೆ ಪಂಚಮವು 360 ಕಂಪನಗಳದಾಗುತ್ತದೆ. ಷಡ್ಜವನ್ನು 200ಕ್ಕೆ ಇಳಿಸಿದರೆ ಪಂಚಮವು 300ಕ್ಕೆ ಇಳಿಯುತ್ತದೆ. ಸಂಖ್ಯೆಗಳು ಬದಲಾದುವು, 3:2 ಎಂಬ ಪ್ರಮಾಣ ಮಾತ್ರ ಬದಲಾಗಲಿಲ್ಲ. ಎಸ್. ಜಾನಕಿಯವರು ಹಾಡಿದುದನ್ನು ನಿಮ್ಮ ತಾತ ತಗ್ಗಿದ ದನಿಯಲ್ಲಿ ಗುನುಗಿದರೂ ನೀವು ಗುರುತಿಸುವುದು ಈ ಪ್ರಮಾಣಗಳಿಂದ, ಅವುಗಳ ಕಾಲಕ್ರಮದಿಂದ. ನೆನಪು ಹೊತ್ತುಕೊಳ್ಳಬೇಕಾದ ಹೊರೆ ಇಷ್ಟು ಹಗುರ.

ಇನ್ನು ಮಿದುಳಿನ ಕೆಲಸ. ಅಮೆರಿಕದ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಹಾಡುಗಳ ನಡುನಡುವೆ ಕೆಲವು ಸೆಕೆಂಡುಗಳನ್ನು ಅಳಿಸಿ, ಕೇಳುಗರ ಮಿದುಳನ್ನು ಚಿತ್ರಿಸಿಕೊಂಡರು. ಹಾಡು ಪರಿಚಿತವಾಗಿದ್ದರೆ, ಆ ಮೌನದಲ್ಲಿಯೂ ಶ್ರವಣಕ್ಕೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾಗಿದ್ದುವು. ಹೊರಗೆ ನಿಂತ ಹಾಡನ್ನು ಮಿದುಳು ಒಳಗೆ ಮುಂದುವರಿಸಿತ್ತು! ನಮ್ಮ ಹಾಡುಗಳ ರಚನೆಯೂ ಇದಕ್ಕೆ ಅನುಕೂಲವೆಂದು ನನ್ನ ಊಹೆ. ಪ್ರತಿ ಚರಣವೂ ಪಲ್ಲವಿಗೇ ಮರಳುತ್ತದೆ. ಚರಣ ಮರೆತವನಿಗೆ ಪಲ್ಲವಿಯೊಂದೇ ಗತಿ. ಗಾಣದ ಎತ್ತಿನಂತೆ ಅದನ್ನೇ ಸುತ್ತಬೇಕು.

ಹಾಗಾದರೆ ಬಿಡುಗಡೆ ಹೇಗೆ? ಬಲವಂತದಿಂದ ತಳ್ಳುವುದು ಉಪಾಯವಲ್ಲ. ಬಿಳಿಯ ಕರಡಿಯನ್ನು ನೆನೆಯಬೇಡಿರೆಂದು ಹೇಳಿಸಿಕೊಂಡವರಿಗೆ ಅದೇ ಮತ್ತೆ ಮತ್ತೆ ನೆನಪಾಯಿತೆಂದು 1987ರ ಪ್ರಯೋಗವೊಂದು ತೋರಿಸಿತು. ಅತಿ ಸುಲಭವೂ ಅತಿ ಕಠಿಣವೂ ಅಲ್ಲದ ಕೆಲಸದಲ್ಲಿ ಮನಸ್ಸನ್ನು ತೊಡಗಿಸುವುದು ಲೇಸು. ಬಾಯಿಗೆ ಕೆಲಸ ಕೊಡುವುದೂ ಉಂಟು: ಚ್ಯೂಯಿಂಗ್ ಗಮ್ ಅಗಿಯುವಾಗ ಈ ಕಾಟ ಕಡಮೆಯಾಯಿತೆಂದು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾನಿಲಯದವರು 2015ರಲ್ಲಿ ಕಂಡರು. ಒಳಗಿನ ಗುನುಗಿಗೂ ಮಾತಿನ ಅಂಗಗಳ ಸಿದ್ಧತೆಗೂ ನಂಟಿರಬೇಕು.

ನನ್ನ ವಿದ್ಯಾರ್ಥಿಗೆ ನಾನು ಹೇಳಿದುದಿಷ್ಟು: ಹಾಡು ಬಂದರೆ ಹೆದರಬೇಡ, ಕಷ್ಟದ ಲೆಕ್ಕವನ್ನು ಬದಿಗಿರಿಸಿ, ಕೈಗೆ ನಿಲುಕುವ ಲೆಕ್ಕವೊಂದನ್ನು ಮೊದಲು ಹಿಡಿ. ನೀವೂ ಒಂದು ವಾರ ಪುಸ್ತಕದಲ್ಲಿ ಬರೆದಿಡಿ: ಯಾವ ಹಾಡು, ಯಾವಾಗ ಬಂದಿತು, ಏನು ಮಾಡಿದಾಗ ಹೋಯಿತು? ಪ್ರಯೋಗಶಾಲೆ ನಿಮ್ಮ ತಲೆಯೊಳಗೇ ಇದೆ. ಪರೀಕ್ಷೆ ಮುಗಿದ ಸಂಜೆ ಆ ಹಾಡನ್ನು ಚರಣಸಹಿತವಾಗಿ, ಮನಸಾರೆ ಕೇಳಿರಿ. ಅದು ನಿಮ್ಮ ಶತ್ರುವಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟ.