ಅಡವಿಯ ಹಾದಿ, ಅಂಗೈಯ ಲಿಂಗ

ಬೈಲಹೊಂಗಲ ತಾಲೂಕಿನ ನೇಸರಗಿಯ ಸುತ್ತಣ ಎರೆಹೊಲಗಳಲ್ಲಿ ಎಳ್ಳ ಅಮವಾಸ್ಯೆಯಂದು ಒಕ್ಕಲು ಮನೆತನದವರು ಚರಗ ಚೆಲ್ಲುವರು. ಎದ್ದು ನಿಂತ ಬಿಳಿಜೋಳದ ನಡುವೆ ಎಡೆಯಿಟ್ಟು, ಅಡಿಗೆಯನ್ನು ದಿಕ್ಕುದಿಕ್ಕಿಗೆ ಎರಚಿ, ಆಮೇಲೆ ತಾವು ಉಣ್ಣಲು ಕೂಡುವರು. ಮಾಘದ ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಇದೇ ನಾಡಿನ ಚಕ್ಕಡಿಗಳು ಉಳವಿಯ ಹಾದಿ ಹಿಡಿಯುವುವು. ಬಯಲುಸೀಮೆಯ ಎತ್ತುಗಳು ಸಹ್ಯಾದ್ರಿಯ ದಟ್ಟಡವಿಯನ್ನು ಹೊಕ್ಕು ಚೆನ್ನಬಸವಣ್ಣನವರ ಸನ್ನಿಧಿಯನ್ನು ಮುಟ್ಟುವುವು. ಹೊಲ, ಅಡವಿ, ಹೊಳೆಗಳ ಮಧ್ಯದಲ್ಲಿ ಮನಸ್ಸು ತಾನಾಗಿಯೇ ದೇವರ ಕಡೆಗೆ ಹೊರಳುವುದೆಂಬುದು ಈ ಜನಕ್ಕೆ ಯಾರೂ ಕಲಿಸಬೇಕಾದ ಮಾತಲ್ಲ.

ಆದರೆ ಶರಣಧರ್ಮದ ದೃಷ್ಟಿಯಿಂದ ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಶ್ರೀಗುರುವು ಅಂಗೈಯಲ್ಲಿ ಇಷ್ಟಲಿಂಗವನ್ನು ಕರುಣಿಸಿದ ಮೇಲೆ ಗಿಡಮರಗಳಲ್ಲಿ ದೇವರನ್ನು ಅರಸುವುದೇಕೆ? ಈ ಆಕ್ಷೇಪ ಹಗುರವಾದುದಲ್ಲ. ತೀರ್ಥಸ್ನಾನವನ್ನೂ ವೃಕ್ಷಪ್ರದಕ್ಷಿಣೆಯನ್ನೂ ನೆಚ್ಚಿದವರನ್ನು ಬಸವಣ್ಣನವರು ನಿಷ್ಠುರವಾಗಿ ಟೀಕಿಸಿದ್ದಾರೆ. ಬತ್ತುವ ಜಲವನ್ನೂ ಒಣಗುವ ಮರವನ್ನೂ ಶರಣುಹೊಕ್ಕವರಿಗೆ ಅಳಿವಿಲ್ಲದ ವಸ್ತುವಿನ ಅರಿವು ದೊರೆಯಲಾರದೆಂಬುದು ಅವರ ನಿಲುವು.

ಹಾಗಾದರೆ ಅಕ್ಕಮಹಾದೇವಿಯನ್ನು ಹೇಗೆ ತಿಳಿಯಬೇಕು? ಉಡುತಡಿಯನ್ನು ತೊರೆದು, ಕಲ್ಯಾಣದ ಅನುಭವ ಮಂಟಪವನ್ನು ಕಂಡು, ಶ್ರೀಶೈಲದ ಕದಳಿಯನ್ನು ಸೇರಿದ ಆಕೆ ಗಿಳಿ, ಕೋಗಿಲೆ, ತುಂಬಿ, ಹಂಸ, ನವಿಲುಗಳನ್ನು ನಿಲ್ಲಿಸಿ ಚೆನ್ನಮಲ್ಲಿಕಾರ್ಜುನನ ಸುಳಿವು ಕೇಳುವಳು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಅಕ್ಕ ಆ ಹಕ್ಕಿಗಳಿಗೆ ಕೈಮುಗಿಯುವುದಿಲ್ಲ, ಅವುಗಳನ್ನು ಕೇಳುತ್ತಾಳೆ. ಅವು ಆಕೆಗೆ ಪೂಜ್ಯವಸ್ತುಗಳಲ್ಲ, ಒಡನಾಡಿಗಳು. ಇನ್ನೊಂದು ವಚನದಲ್ಲಂತೂ ವನವೆಲ್ಲವೂ ಅಲ್ಲಿಯ ಮರಗಳೂ ಮೃಗಪಕ್ಷಿಗಳೂ ಅವನೇ ಎಂದು ಒಪ್ಪಿಕೊಂಡ ಮರುಕ್ಷಣವೇ, ಎಲ್ಲವನ್ನೂ ತುಂಬಿಕೊಂಡಿರುವವನು ತನಗೆ ಮಾತ್ರ ಮುಖವನ್ನೇಕೆ ತೋರನೆಂದು ಹಲುಬುತ್ತಾಳೆ. ಅಡವಿಯ ಚೆಲುವು ಆಕೆಯನ್ನು ತಣಿಸಲಿಲ್ಲ, ವಿರಹವನ್ನು ಹೆಚ್ಚಿಸಿತು. ಅಕ್ಕನನ್ನು ಕೇವಲ ನಿಸರ್ಗಕವಯಿತ್ರಿ ಎಂದು ಬರೆದು ಮುಗಿಸುವ ಸಾಹಿತ್ಯವಿದ್ಯಾರ್ಥಿಗಳು ಈ ಹಲುಬಿಗೆ ಕಿವಿಗೊಟ್ಟಂತೆ ತೋರುವುದಿಲ್ಲ.

ಮೇಲಿನ ಆಕ್ಷೇಪಕ್ಕೆ ಶಾಸ್ತ್ರದ ಉತ್ತರವು ಅರ್ಪಿತದ ತತ್ತ್ವದಲ್ಲಿದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ ಆರು ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಯು ಇಂದ್ರಿಯಗಳಿಗೆ ಎದುರಾದುದೆಲ್ಲವನ್ನೂ ಲಿಂಗಕ್ಕೆ ಕೊಟ್ಟಲ್ಲದೆ ತಾನು ಕೊಳ್ಳನು. ರೂಪವು ಇಷ್ಟಲಿಂಗಕ್ಕೆ, ರುಚಿಯು ಪ್ರಾಣಲಿಂಗಕ್ಕೆ, ತೃಪ್ತಿಯು ಭಾವಲಿಂಗಕ್ಕೆ ಸಲ್ಲತಕ್ಕುದು. ಹೂತ ಮರವನ್ನು ಕಂಡರೆ ಆ ಬಣ್ಣವನ್ನು ಮೊದಲು ಕಾಣಬೇಕಾದುದು ಲಿಂಗ. ಸಾಧಕನು ಕಾಣುವುದು ಅದರ ಪ್ರಸಾದವನ್ನು. ಮರವನ್ನೇ ದೇವರೆಂದು ಸುತ್ತುವುದಕ್ಕೂ, ಮರದ ಚೆಲುವನ್ನು ದೇವರಿಗೆ ಅರ್ಪಿಸುವುದಕ್ಕೂ ಇರುವ ಅಂತರವಿದು. ಅಂಗೈಯ ಲಿಂಗದಲ್ಲಿ ದೃಷ್ಟಿ ನಿಲ್ಲಿಸಲು ಕಲಿಯದ ಕಣ್ಣಿಗೆ ಬೆಟ್ಟದ ತುದಿಯಲ್ಲಿ ಕುಳಿತರೂ ಕಾಣುವುದು ಬೆಟ್ಟವೇ. ಕಲಿತ ಕಣ್ಣಿಗೆ ಎರೆಹೊಲದ ಬದುವೂ ಸಾಕು. ಕಾಯಕವನ್ನು ಬಿಟ್ಟು ಅಡವಿ ಸೇರಬೇಕೆಂಬ ವಿಧಿಯನ್ನು ಶರಣರು ಮಾಡಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಬೆಳಗಿನಿಂದ ಬೈಗಿನವರೆಗೆ ಮಣ್ಣಿನೊಡನೆಯೇ ಇರುವ ಒಕ್ಕಲಿಗನಿಗೆ ನಿಸರ್ಗವೆಂಬುದು ಬಿಡುವಿನ ವೇಳೆಯ ನೋಟವಲ್ಲ.

ಉಳವಿಯ ಕಥೆಯೂ ಇದಕ್ಕೆ ಹೊರತಲ್ಲ. ಕ್ರಿ.ಶ. 1167ರ ಸುಮಾರಿಗೆ ಕಲ್ಯಾಣದಲ್ಲಿ ವಿಪ್ಲವವಾದಾಗ ಶರಣರು ಚದುರಿದರು. ಚೆನ್ನಬಸವಣ್ಣನವರೊಡನೆ ಪಡುವಣಕ್ಕೆ ಬಂದ ತಂಡ ಈ ಬೆಳಗಾವಿ ಸೀಮೆಯನ್ನು ಹಾಯ್ದು ಉಳವಿಯನ್ನು ಸೇರಿತೆಂಬುದು ಪರಂಪರೆಯ ನಂಬುಗೆ. ಅವರು ಏಕಾಂತವನ್ನು ಬಯಸಿ ಹೋದವರಲ್ಲ, ಖಡ್ಗದ ಭಯದಿಂದ ವಚನದ ಕಟ್ಟುಗಳನ್ನು ಉಳಿಸಲು ಹೋದವರು. ಅಡವಿ ಅವರಿಗೆ ಮೊದಲು ಆಸರೆಯಾಯಿತು, ಧ್ಯಾನದ ನೆಲೆಯಾದುದು ಬಳಿಕ. ಅಕ್ಕನಾಗಮ್ಮನವರ ಹೆಸರು ಹೊತ್ತ ಗವಿಯನ್ನು ಅಲ್ಲಿ ಇಂದಿಗೂ ತೋರಿಸುವರು. ಅಂಗ, ಲಿಂಗ, ಕರಣಗಳ ಸಂಬಂಧವನ್ನು ಬಿಡಿಸಿ ಹೇಳುವ ‘ಕರಣಹಸಿಗೆ’ಯು ಇದೇ ಚೆನ್ನಬಸವಣ್ಣನವರ ಹೆಸರಿನಲ್ಲಿದೆ. ಚಕ್ಕಡಿ ಹೂಡಿಕೊಂಡು ಹೋಗುವ ಒಕ್ಕಲಿಗನು ಆ ಗ್ರಂಥವನ್ನು ಓದಿರಲಾರನು. ಆದರೆ ಎಳ್ಳ ಅಮವಾಸ್ಯೆಯಂದು ಹೊಲಕ್ಕೆ ಎರಚದೆ ಒಂದು ತುತ್ತನ್ನೂ ಅವನು ಬಾಯಿಗಿಡನು.