ತಮಟೆಯ ನಾದವನ್ನು ಬರೆದು ಕಳಿಸುವುದು ಹೇಗೆ?



ಭಜನೆ ನಡೆಯುವಾಗ ಹಾಡುವವರ ಪಕ್ಕದಲ್ಲಿ ಒಂದು ಪುಟ್ಟ ಪೆಟ್ಟಿಗೆ ಬಿಡದೆ ಶ್ರುತಿ ಹಿಡಿದಿರುತ್ತದೆ, ನೋಡಿದ್ದೀರಲ್ವಾ? ಅದು ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ. ಅದರೊಳಗೆ ತಂತಿ ಇಲ್ಲ, ಗಾಳಿ ತುಂಬುವ ತಿದಿಯೂ ಇಲ್ಲ. ಇರುವುದು ವಿದ್ಯುನ್ಮಂಡಲ ಮತ್ತು ಒಂದು ಸ್ಪೀಕರ್ ಅಷ್ಟೇ. ಎಲೆಕ್ಟ್ರಾನಿಕ್ ತಂಬೂರಿ ಹುಟ್ಟಿದ್ದು ನಮಗೆ ದೂರವೇನಲ್ಲದ ಬೆಂಗಳೂರಿನಲ್ಲಿ. 1970ರ ದಶಕದ ಕೊನೆಯಲ್ಲಿ ಅದನ್ನು ರೂಪಿಸಿದ ಜಿ. ರಾಜ್ ನಾರಾಯಣ್ ಅವರು ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು.

ವಿದ್ಯುತ್ತಿನಿಂದ, ಕಂಪ್ಯೂಟರಿನಿಂದ ನಾದ ಹುಟ್ಟಿಸುವ ಈ ವಿದ್ಯೆಗೆಂದೇ ಪ್ರತ್ಯೇಕ ಸಂಶೋಧನಾ ಪತ್ರಿಕೆಗಳಿವೆ. 1977ರಲ್ಲಿ ಅಮೆರಿಕದಲ್ಲಿ ಶುರುವಾದ 'ಕಂಪ್ಯೂಟರ್ ಮ್ಯೂಸಿಕ್ ಜರ್ನಲ್' ಅಂಥದ್ದೊಂದು. ಅದರಲ್ಲಿ ಹಾಡಿನ ವಿಮರ್ಶೆಗಿಂತ ಹೆಚ್ಚಾಗಿ ನಾದ ಹುಟ್ಟುವ ಬಗೆ, ಅದರ ಲೆಕ್ಕ, ಅದನ್ನು ಮಾಡುವ ಕ್ರಮ ಇರುತ್ತದೆ. ಅಲ್ಲಿಗೆ ಲೇಖನ ಕಳಿಸುವುದು ದೊಡ್ಡ ದೊಡ್ಡವರ ಕೆಲಸ, ನಮಗ್ಯಾಕೆ ಅಂತೀರಾ? ಸ್ವಲ್ಪ ತಾಳಿ. ಅಲ್ಲಿ ಅಚ್ಚಾದ ಒಂದು ಲೇಖನದ ಪ್ರಯೋಗವನ್ನು ನೀವು ಈಗಲೇ ಪೆನ್ಸಿಲ್ ಹಿಡಿದು ಮಾಡಬಹುದು.

ನಾಲ್ಕು ಸಂಖ್ಯೆಗಳ ತಂತಿ

1983ರಲ್ಲಿ ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ ಎಂಬಿಬ್ಬರು ಆ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಮೀಟಿದ ತಂತಿಯ ನಾದವನ್ನು ತಂತಿಯೇ ಇಲ್ಲದೆ ಹುಟ್ಟಿಸುವುದು ಹೇಗೆ ಎಂಬುದೇ ಅದರ ವಿಷಯ. ಅವರ ಉಪಾಯ ಇಷ್ಟೇ: ಮನಸ್ಸಿಗೆ ಬಂದ ಕೆಲವು ಸಂಖ್ಯೆಗಳನ್ನು ಸಾಲಾಗಿ ಬರೆಯಿರಿ. ಪ್ರತಿ ಸಂಖ್ಯೆಗೂ ಅದರ ಮುಂದಿನ ಸಂಖ್ಯೆಗೂ ಸರಾಸರಿ ತೆಗೆದು ಹೊಸ ಸಾಲು ಮಾಡಿ. ಹೀಗೇ ಮುಂದುವರಿಸಿ.

8, –4, 6, 2 ಎಂದು ತೆಗೆದುಕೊಳ್ಳೋಣ. 8 ಮತ್ತು –4ರ ಸರಾಸರಿ 2. –4 ಮತ್ತು 6ರದ್ದು 1. 6 ಮತ್ತು 2ರದ್ದು 4. ಕೊನೆಯ 2ಕ್ಕೆ ಮುಂದಿನ ಸಂಖ್ಯೆ ಅಂದರೆ ಹೊಸ ಸಾಲಿನ ಮೊದಲನೆಯದಾದ 2; ಸರಾಸರಿ 2. ಹೊಸ ಸಾಲು: 2, 1, 4, 2. ಇನ್ನೊಂದು ಸುತ್ತು ಮಾಡಿದರೆ 1.5, 2.5, 3, 1.75. ಮೊದಲ ಸಾಲಿನಲ್ಲಿ ಅತಿ ದೊಡ್ಡ ಮತ್ತು ಅತಿ ಚಿಕ್ಕ ಸಂಖ್ಯೆಗಳ ಅಂತರ 12 ಇತ್ತು. ಆಮೇಲೆ 3 ಆಯಿತು, ಆಮೇಲೆ 1.5. ಏರಿಳಿತ ಕುಗ್ಗುತ್ತಾ ಹೋಯಿತು. ಮೀಟಿದ ತಂತಿಯೂ ಹೀಗೇ ಅಲ್ವಾ? ಮೊದಲು ಜೋರಾಗಿ ಝಣ್ ಎನ್ನುತ್ತದೆ, ಆಮೇಲೆ ಮೆತ್ತಗಾಗುತ್ತಾ ಆರುತ್ತದೆ.

ಕಂಪ್ಯೂಟರ್ ಇದನ್ನೇ ಸೆಕೆಂಡಿಗೆ 44,100 ಸಂಖ್ಯೆಗಳ ವೇಗದಲ್ಲಿ ಮಾಡಿ ಸ್ಪೀಕರಿಗೆ ಕಳಿಸುತ್ತದೆ. ಸಾಲಿನಲ್ಲಿ 200 ಸಂಖ್ಯೆ ಇದ್ದರೆ, ಸರಾಸರಿ ತೆಗೆಯುವುದರಿಂದ ಇನ್ನೂ ಅರ್ಧ ಸಂಖ್ಯೆಯಷ್ಟು ತಡವಾಗುತ್ತದೆ. ಹಾಗಾಗಿ 44,100ನ್ನು 200.5ರಿಂದ ಭಾಗಿಸಿ: ಸುಮಾರು 220 ಹರ್ಟ್ಜ್. ಸಾಲು ಚಿಕ್ಕದಾದರೆ ಸ್ವರ ಮೇಲೇರುತ್ತದೆ, ಗಿಡ್ಡ ತಂತಿಯ ಹಾಗೆ.

ಒಂದು ಕ್ಷಣ ಯೋಚಿಸಿ. 1983ರಲ್ಲಿ ಅಮೆರಿಕದಲ್ಲಿ ಬರೆದದ್ದನ್ನು ಇವತ್ತು ಜವಳಗಿರಿಯಲ್ಲಿ ಕೂತು ನೀವು ಪರೀಕ್ಷಿಸಿದಿರಿ. ಯಾಕೆ ಸಾಧ್ಯವಾಯಿತು? ಅವರು ಏನನ್ನೂ ಮುಚ್ಚಿಡದೆ, ಬೇರೊಬ್ಬರು ಮತ್ತೆ ಮಾಡಿ ನೋಡುವಂತೆ ಬರೆದರು. ಸಂಶೋಧನಾ ಲೇಖನದ ಮೊದಲ ಲಕ್ಷಣ ಅದೇ.

ಮೃದಂಗದ ಕರಣೆ

ನಮ್ಮ ವಾದ್ಯಗಳ ಕಥೆಯೂ ಒಂದಿದೆ. ಸಾಮಾನ್ಯ ಚರ್ಮವಾದ್ಯ ಬಾರಿಸಿದಾಗ ಏಳುವ ಮೇಲ್ಸ್ವರಗಳು ಮೂಲಸ್ವರದ ಎರಡರಷ್ಟು, ಮೂರರಷ್ಟು ಎಂದು ಪೂರ್ಣಾಂಕಗಳ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ಅದು ಬರೀ ಸದ್ದಾಗಿ ಕೇಳುತ್ತದೆ. ಮೃದಂಗ, ತಬಲಾಗಳ ಮಧ್ಯದಲ್ಲಿರುವ ಕಪ್ಪು ಕರಣೆ ಆ ಮೇಲ್ಸ್ವರಗಳನ್ನು ಲೆಕ್ಕಕ್ಕೆ ತರುತ್ತದೆ. ವಾದ್ಯ ಮಾಡುವವರ ಕಿವಿಗೆ ಇದು ತಲೆತಲಾಂತರದಿಂದ ಗೊತ್ತಿತ್ತು. 1920ರಲ್ಲಿ ಸಿ.ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ ಇದನ್ನು ಅಳೆದು 'ನೇಚರ್' ಪತ್ರಿಕೆಗೆ ಬರೆದು ಕಳಿಸಿದರು. ಅದೊಂದು ಚಿಕ್ಕ ಬರಹ. ಆದರೆ ಆಮೇಲೆ ಚರ್ಮವಾದ್ಯಗಳ ಬಗ್ಗೆ ಕೆಲಸ ಮಾಡಿದ ವಿಜ್ಞಾನಿಗಳು ಅದನ್ನು ಮತ್ತೆ ಮತ್ತೆ ನೆನೆದರು. ಬರೆಯದೆ ಬಿಟ್ಟಿದ್ದರೆ ಆ ಜ್ಞಾನ ಕಾರ್ಯಾಗಾರದ ಹೊಸಿಲು ದಾಟುತ್ತಿರಲಿಲ್ಲ.

ನಮ್ಮ ಪಾಲಿಗೆ ಉಳಿದದ್ದು

ಈಗ ತಮಟೆಗೆ ಬನ್ನಿ. ಹಬ್ಬದ ದಿನ ಬಾರಿಸುವ ಮುಂಚೆ ಅದನ್ನು ಬೆಂಕಿಗೆ ಕಾಯಿಸುತ್ತಾರೆ. ಚರ್ಮದ ತೇವ ಆರಿ, ಬಿಗಿಯಾಗಿ, ನಾದ ಮೇಲೇರುತ್ತದೆ. ಎಷ್ಟು ಏರುತ್ತದೆ? ಎಷ್ಟು ಹೊತ್ತು ನಿಲ್ಲುತ್ತದೆ? ಪ್ಲಾಸ್ಟಿಕ್ ಹೊದಿಕೆಯ ತಮಟೆಗೂ ಇದಕ್ಕೂ ಏನು ವ್ಯತ್ಯಾಸ? ಮುಂದೆ ಯಾರಾದರೂ ಕಂಪ್ಯೂಟರಿನಲ್ಲಿ ನಮ್ಮ ತಮಟೆಯ ನಾದ ಹುಟ್ಟಿಸಬೇಕೆಂದರೆ ಅವರಿಗೆ ಬೇಕಾಗುವುದು ಇದೇ ಅಂಕಿಗಳು. ಇಲ್ಲದಿದ್ದರೆ ಕೀಬೋರ್ಡಿನಲ್ಲಿ ಯಾವುದೋ ಡ್ರಮ್ಮಿನ ಸದ್ದನ್ನೇ ತಮಟೆ ಅಂತ ಕೇಳಬೇಕಾಗುತ್ತದೆ.

ಮೊಬೈಲಿನಲ್ಲಿ ಆವೃತ್ತಿ ತೋರಿಸುವ ಉಚಿತ ಆಪ್‌ಗಳು ಸಿಗುತ್ತವೆ. ಹಿರಿಯರು ತಮಟೆ ಕಾಯಿಸುವಾಗ ದೂರ ನಿಂತು ನೋಡಿ. ಮೊದಲು ಒಂದು ಸಲ, ಕಾಯಿಸಿದ ಕೂಡಲೇ ಒಂದು ಸಲ, ಆಮೇಲೆ ಎರಡೆರಡು ನಿಮಿಷಕ್ಕೊಮ್ಮೆ, ಒಂದೇ ಜಾಗಕ್ಕೆ ಒಂದೇ ಕೋಲಿನಿಂದ ಬಾರಿಸಲು ಹೇಳಿ. ಎದ್ದು ಕಾಣುವ ಆವೃತ್ತಿಯನ್ನು ಬರೆದುಕೊಳ್ಳಿ. ಪ್ರತಿ ಸಲವೂ ಐದು ಅಳತೆ ತೆಗೆದು ಸರಾಸರಿ ಮಾಡಿ.

ಲೇಖನ ಹೀಗಿರಲಿ

ಮೊದಲು ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಆಮೇಲೆ ಸಾಮಗ್ರಿ, ಮಾಡಿದ ಕ್ರಮ, ಅಳತೆಗಳ ಪಟ್ಟಿ, ಅದರಿಂದ ತಿಳಿದದ್ದು. ಲೆಕ್ಕಕ್ಕೆ ಹೊಂದದ ಅಳತೆಯನ್ನು ಅಳಿಸಬೇಡಿ, ಅದನ್ನೂ ಕೊಡಿ. ತಮಟೆ ಬಾರಿಸುವವರ ಒಪ್ಪಿಗೆ ಕೇಳಿ. ಅವರಿಂದ ತಿಳಿದುಕೊಂಡದ್ದನ್ನು ಅವರ ಹೆಸರಿನಲ್ಲೇ ಬರೆಯಿರಿ, ನಿಮ್ಮದೆಂದು ಹೇಳಿಕೊಳ್ಳಬೇಡಿ. ಧ್ವನಿಮುದ್ರಣ ಜೊತೆಗಿರಲಿ.

ಪತ್ರಿಕೆಗೆ ಕಳಿಸಿದ ಮೇಲೆ ಏನಾಗುತ್ತದೆ? ಸಂಪಾದಕರು ಅದನ್ನು ಆ ವಿಷಯ ಬಲ್ಲವರಿಗೆ ಓದಲು ಕೊಡುತ್ತಾರೆ. ಅವರು 'ಇದು ಹೇಗೆ ಗೊತ್ತಾಯಿತು?', 'ಇನ್ನೊಮ್ಮೆ ಅಳೆಯಿರಿ' ಎಂದೆಲ್ಲಾ ಕೇಳುತ್ತಾರೆ. ಅದು ಬೈಗುಳವಲ್ಲ, ಬೇಜಾರಾಗಬೇಡಿ. ಒಂದೊಂದು ಪ್ರಶ್ನೆಗೂ ಉತ್ತರ ಬರೆದು, ತಿದ್ದಿ ಮತ್ತೆ ಕಳಿಸಬೇಕು. ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳಿಸಬಾರದು ಎಂಬ ನಿಯಮವೂ ಇದೆ.

ಅಂತರರಾಷ್ಟ್ರೀಯ ಪತ್ರಿಕೆಗಳು ಇಂಗ್ಲಿಷಿನಲ್ಲಿವೆ, ನಿಜ. ಆದರೆ ತಮಟೆಯ ಆವೃತ್ತಿಗೆ ಭಾಷೆ ಇಲ್ಲ. ಅಳೆಯುವುದನ್ನೂ ಯೋಚಿಸುವುದನ್ನೂ ಕನ್ನಡದಲ್ಲೇ ಮಾಡಿ, ಕನ್ನಡದಲ್ಲೇ ಬರೆಯಿರಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ನಿಮ್ಮಂಥವರಿಗೆಂದೇ ಇರುವ ಪತ್ರಿಕೆ. ಕಾಲೇಜಿಗೆ ಹೋದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ 'ರೆಸೊನೆನ್ಸ್' ಓದಿ. ಆ ಅಕಾಡೆಮಿಯನ್ನು 1934ರಲ್ಲಿ ಸ್ಥಾಪಿಸಿದವರು ಮೃದಂಗ ಅಳೆದ ಅದೇ ರಾಮನ್.

ಮುಂದಿನ ಹಬ್ಬಕ್ಕೆ ತಮಟೆ ಸದ್ದು ಕೇಳಿದಾಗ ನೋಟ್‌ಬುಕ್ಕೂ ಜೊತೆಗಿರಲಿ. ಅಳತೆಗಳ ಪಟ್ಟಿ ತಯಾರಾದರೆ ನಿಮ್ಮ ವಿಜ್ಞಾನ ಶಿಕ್ಷಕರ ಕೈಗೆ ಕೊಡಿ.