ಚಿಲಕ ತೆರೆಯುವ ನಾಯಿ

ನಾಯಿಯನ್ನು ಗೂಡಿನಲ್ಲಿ ಕೂಡುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಅಷ್ಟಾಗಿ ಇಲ್ಲ. ಅಲ್ಲಿ ಅದು ಹಗಲು ಜಗಲಿಯ ಬಳಿ ಮಲಗಿ, ರಾತ್ರಿ ಅಂಗಳವನ್ನು ಕಾಯುತ್ತದೆ. ಪಟ್ಟಣಗಳಲ್ಲಿ ಮಹಡಿಯ ಮೇಲೆ ಮಹಡಿ ಎದ್ದು ಅಂಗಳವೆಂಬುದು ಇಲ್ಲವಾದ ಮೇಲೆ, ತಂತಿಯ ಗೂಡು ನಾಯಿಯೊಡನೆ ಮನೆಯೊಳಕ್ಕೆ ಬಂದಿದೆ. ಅದರ ಬೆನ್ನಿಗೇ ಒಂದು ದೂರು ಸಹ ಬಂದಿದೆ. ಬಾಗಿಲಿಗೆ ಚಿಲಕ ಹಾಕಿ ಹೊರಗೆ ಹೋದರೆ, ಹಿಂದಿರುಗುವಷ್ಟರಲ್ಲಿ ನಾಯಿ ಮಂಚದ ಮೇಲೆ ಮಲಗಿರುತ್ತದೆ. ಬೇರೆ ಚಿಲಕ ಹಾಕಿಸಿದರೆ ಎರಡು ದಿನ ಒಳಗಿದ್ದು ಮೂರನೆಯ ದಿನ ಮತ್ತೆ ಮಂಚದ ಮೇಲೆ. “ಇದಕ್ಕೆ ಮನುಷ್ಯನ ಬುದ್ಧಿಯೇ ಇದೆ” ಎಂದು ಮನೆಯವರು ಅರ್ಧ ಬೇಸರದಿಂದಲೂ ಅರ್ಧ ಹೆಮ್ಮೆಯಿಂದಲೂ ಹೇಳಿಕೊಳ್ಳುವುದುಂಟು.

ಈ ಮೆಚ್ಚಿಕೆ ಹೊಸದೇನೂ ಅಲ್ಲ. ಡಾರ್ವಿನ್ನನ ಕಿರಿಯ ಮಿತ್ರನಾದ ಜಾರ್ಜ್ ರೊಮಾನೆಸ್ 1882ರಲ್ಲಿ ಪ್ರಾಣಿಗಳ ಬುದ್ಧಿಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಅಗುಳಿಯನ್ನೆತ್ತಿ ಬಾಗಿಲು ತೆರೆಯುವ ಬೆಕ್ಕುಗಳ ವೃತ್ತಾಂತ ಅದರಲ್ಲಿದೆ. ಬಾಗಿಲಿನ ಯಂತ್ರರಚನೆಯ ಅರಿವು ಬೆಕ್ಕಿಗೆ ಉಂಟೆಂದೇ ಅವನ ತೀರ್ಮಾನ. ಬ್ರಿಟನ್ನಿನ ಲಾಯ್ಡ್ ಮಾರ್ಗನ್ ಇದನ್ನು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಅವನ ಮನೆಯಲ್ಲಿ ಟೋನಿ ಎಂಬ ಫಾಕ್ಸ್ ಟೆರಿಯರ್ ನಾಯಿಯಿತ್ತು. ಅದು ತಲೆಯಿಂದ ಅಗುಳಿಯನ್ನು ಎತ್ತುತ್ತಿತ್ತು. ಎತ್ತಿದೊಡನೆ ಗೇಟು ತನ್ನ ಭಾರದಿಂದಲೇ ತೆರೆದುಕೊಳ್ಳುತ್ತಿತ್ತು. ಬಂದ ನೆಂಟರು ನಾಯಿಯ ಜಾಣತನಕ್ಕೆ ತಲೆದೂಗಬಹುದಾಗಿತ್ತು. ಮಾರ್ಗನ್ ಮಾತ್ರ ಈ ವಿದ್ಯೆ ಹುಟ್ಟಿದ ಬಗೆಯನ್ನು ಮೊದಲಿನಿಂದ ನೋಡಿದ್ದನು. ರಸ್ತೆಯನ್ನು ನೋಡುವ ಆಸೆಯಿಂದ ಟೋನಿ ಸರಳುಗಳ ನಡುವೆ ಅಲ್ಲಿ ಇಲ್ಲಿ ತಲೆ ತೂರಿಸುತ್ತಿತ್ತು. ಒಂದು ಸಲ ತಲೆ ಆಕಸ್ಮಿಕವಾಗಿ ಅಗುಳಿಯ ಅಡಿಗೆ ಸಿಕ್ಕಿತು, ಗೇಟು ತೆರೆಯಿತು. ತಡವರಿಸದೆ ನೇರವಾಗಿ ಅದೇ ಸ್ಥಳಕ್ಕೆ ಹೋಗುವುದನ್ನು ಅದು ಕಲಿಯಲು ಸುಮಾರು ಮೂರು ವಾರ ಹಿಡಿಯಿತು.

ಈ ವೀಕ್ಷಣೆಯನ್ನು ಅಳತೆಗೆ ಒಳಪಡಿಸಿದವನು ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್. ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಅವನು 1898ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದನು. ಸುಮಾರು 20 ಅಂಗುಲ ಉದ್ದ, 15 ಅಂಗುಲ ಅಗಲ, 12 ಅಂಗುಲ ಎತ್ತರದ ಮರದ ಪೆಟ್ಟಿಗೆಗಳನ್ನು ಅವನು ಮಾಡಿಕೊಂಡನು. ಒಂದರಲ್ಲಿ ಬಳೆಯಂಥ ಕುಣಿಕೆಯನ್ನು ಎಳೆದರೆ ಬಾಗಿಲು ಬೀಳುತ್ತದೆ. ಮತ್ತೊಂದರಲ್ಲಿ ಹಲಗೆಯನ್ನು ಮೆಟ್ಟಬೇಕು. ಇನ್ನೊಂದರಲ್ಲಿ ಮೂರು ಕೆಲಸಗಳನ್ನು ಮಾಡಿದಲ್ಲದೆ ಬಿಡುಗಡೆಯಿಲ್ಲ. ಒಳಗೆ ಹಸಿದ ಬೆಕ್ಕು, ಹೊರಗೆ ಆಹಾರ, ಪ್ರಯೋಗಕಾರನ ಕೈಯಲ್ಲಿ ಗಡಿಯಾರ. ಒಂದು ಬೆಕ್ಕು ಕುಣಿಕೆಯ ಪೆಟ್ಟಿಗೆಯಿಂದ ಹೊರಬರಲು ತೆಗೆದುಕೊಂಡ ಕಾಲ ಹೀಗಿದೆ: ಮೊದಲ ಸಲ 160 ಸೆಕೆಂಡು, ಅನಂತರ 30, 90, 60, 15, 28. ಇಪ್ಪತ್ತನಾಲ್ಕನೆಯ ಸಲಕ್ಕೆ ಅದು 7 ಸೆಕೆಂಡಿಗೆ ಇಳಿದಿತ್ತು. ಕುಣಿಕೆಯ ಗುಟ್ಟು ಬೆಕ್ಕಿಗೆ ಒಮ್ಮೆಲೇ ಹೊಳೆದಿದ್ದರೆ ಕಾಲ ಥಟ್ಟನೆ ಕುಸಿದು ಅಲ್ಲಿಯೇ ನಿಲ್ಲಬೇಕಾಗಿತ್ತು. ಅದು ಏರುತ್ತ ಇಳಿಯುತ್ತ ನಿಧಾನವಾಗಿ ತಗ್ಗಿತು. ಫಲ ಕೊಡದ ಚೇಷ್ಟೆಗಳು ಉದುರಿಹೋಗಿ ಫಲ ಕೊಟ್ಟ ಚೇಷ್ಟೆ ಬೇರೂರುತ್ತದೆಂಬ ‘ಪರಿಣಾಮ ನಿಯಮ’ವನ್ನು ಥಾರ್ನ್‌ಡೈಕ್ ಇಂಥ ರೇಖೆಗಳಿಂದಲೇ ಕಂಡುಕೊಂಡನು.

ಅವನ ಪ್ರಯೋಗಗಳಲ್ಲಿ ನನಗೆ ಅತ್ಯಂತ ಸ್ವಾರಸ್ಯವಾಗಿ ಕಾಣುವುದು ಚಿಲಕವೇ ಇಲ್ಲದ ಪೆಟ್ಟಿಗೆ. ಬೆಕ್ಕು ತನ್ನ ಮೈಯನ್ನು ನೆಕ್ಕಿಕೊಂಡೊಡನೆ ಥಾರ್ನ್‌ಡೈಕ್ ಬಾಗಿಲು ತೆರೆಯುತ್ತಿದ್ದನು. ನೆಕ್ಕುವುದಕ್ಕೂ ಬಾಗಿಲಿಗೂ ಯಾವ ಯಾಂತ್ರಿಕ ಸಂಬಂಧವೂ ಇಲ್ಲ. ಆದರೂ ಬೆಕ್ಕುಗಳು ಅದನ್ನು ಕಲಿತವು. ಬರಬರುತ್ತ ಆ ನೆಕ್ಕುವಿಕೆ ಸವೆದು, ಮೈಯ ಕಡೆಗೆ ನಾಲಗೆಯನ್ನು ಒಮ್ಮೆ ಆಡಿಸಿದಂಥ ಶಾಸ್ತ್ರವಾಗಿ ಉಳಿಯಿತು! ಮೂರು ನಾಯಿಗಳ ಮೇಲೆಯೂ ಅವನು ಪ್ರಯೋಗ ಮಾಡಿದನು. ಅವು ಬೆಕ್ಕುಗಳಷ್ಟು ಉಗ್ರವಾಗಿ ಹೋರಾಡಲಿಲ್ಲ. ಕಲಿತ ರೀತಿ ಮಾತ್ರ ಒಂದೇ. ಪೆಟ್ಟಿಗೆಯ ಯಂತ್ರ ಪ್ರಾಣಿಯ ಕಣ್ಣಿಗೇ ಬೀಳದಿದ್ದರೆ ಅದು ವಿವೇಕವನ್ನು ತೋರಿಸುವುದಾದರೂ ಹೇಗೆ ಎಂದು ಮುಂದೆ ಜರ್ಮನಿಯ ವೋಲ್ಫ್‌ಗಾಂಗ್ ಕೋಲರ್ ಆಕ್ಷೇಪಿಸಿದನು. ಆಕ್ಷೇಪ ನ್ಯಾಯವಾದುದೇ. ಆದರೆ ಮನೆಯ ಗೂಡಿನ ಚಿಲಕವೂ ನಾಯಿಯ ಪಾಲಿಗೆ ಬಹುಮಟ್ಟಿಗೆ ಮರೆಯಾಗಿಯೇ ಇರುತ್ತದೆ. ಅದು ಇರುವುದು ಹೊರಮೈಯಲ್ಲಿ.

ಹಾಗಾದರೆ ನಾಯಿ ಅದನ್ನು ತೆರೆಯುವುದು ಹೇಗೆ? ಇಲ್ಲಿ ಭೌತಶಾಸ್ತ್ರ ನಾಯಿಯ ಪಕ್ಷದಲ್ಲಿದೆ. ಸರಿದಾಡುವ ಚಿಲಕವನ್ನು ಅದರ ಸ್ಥಾನದಲ್ಲಿ ಹಿಡಿದಿರುವುದು ಹಿಡಿಯ ಭಾರ, ಅಲ್ಪ ಘರ್ಷಣೆ ಇಷ್ಟೆ. ನಾಯಿ ಬಾಗಿಲನ್ನು ಕೆರೆದು ಅಲುಗಾಡಿಸಿದಾಗ ಚಿಲಕದ ಮೇಲಿನ ಒತ್ತಡ ಕ್ಷಣಕಾಲ ತಗ್ಗುತ್ತದೆ. ಒತ್ತಡ ತಗ್ಗಿದರೆ ಘರ್ಷಣೆಯೂ ತಗ್ಗುತ್ತದೆ. ಮೇಲೆ ನೆಗೆದ ಹಿಡಿ ತನ್ನ ಗಾಡಿಯಿಂದ ಹೊರಬಿದ್ದರಂತೂ, ಪ್ರತಿ ಕುಲುಕಿಗೂ ಚಿಲಕ ಕೂದಲೆಳೆಯಷ್ಟು ಸರಿಯಬಲ್ಲದು. ಅಗಲವಾದ ತಂತಿಯ ಬಾಗಿಲಿಗೆ ನಡುವೆ ಒಂದೇ ಚಿಲಕವಿದ್ದರೆ ಕೆಳಮೂಲೆ ಇನ್ನೂ ದುರ್ಬಲ. ಚಿಲಕ ಆನಿಕೆಯಾಗಿ ನಿಲ್ಲುತ್ತದೆ, ಬಾಗಿಲು ಸನ್ನೆಯಾಗುತ್ತದೆ. ಆನಿಕೆಯಿಂದ ದೂರ ಹೋದಷ್ಟೂ ಮೂತಿಯ ಅದೇ ಬಲ ತಂತಿಯನ್ನು ಹೆಚ್ಚು ಬಾಗಿಸುತ್ತದೆ. ಮೇಲೊಂದು ಕೆಳಗೊಂದು ಚಿಲಕವಿಟ್ಟು, ಹಿಡಿ ಮೇಲೇಳದಂತೆ ಸ್ಪ್ರಿಂಗ್ ಕೊಕ್ಕೆಯೊಂದನ್ನು ಸಿಕ್ಕಿಸಿದರೆ ಈ ಎರಡು ದಾರಿಗಳೂ ಮುಚ್ಚುತ್ತವೆ.

ಈ ಕೆಲಸವನ್ನು ಅರೆಬರೆಯಾಗಿ ಮಾಡುವುದು ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು. ಪ್ರತಿ ಸಲ ಫಲ ದೊರೆಯುತ್ತಿದ್ದ ಚೇಷ್ಟೆ, ಫಲ ನಿಂತೊಡನೆ ಬೇಗ ಅಡಗುತ್ತದೆ. ಆಗೊಮ್ಮೆ ಈಗೊಮ್ಮೆ ಫಲ ಕಂಡ ಚೇಷ್ಟೆಯಾದರೋ ಬಹುಕಾಲ ಹಟ ಹಿಡಿಯುತ್ತದೆ. ಸ್ಕಿನ್ನರ್ ಮತ್ತು ಫರ್ಸ್ಟರ್ 1957ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥ ಮುಖ್ಯವಾಗಿ ಪಾರಿವಾಳಗಳ ಮೇಲೆ ನಡೆದ ಇಂಥ ಪ್ರಯೋಗಗಳದ್ದೇ. ಹತ್ತು ದಿನದಲ್ಲಿ ಒಂದು ದಿನ ಕೊಕ್ಕೆ ಸಿಕ್ಕಿಸಲು ಮರೆಯುವ ಗೃಹಸ್ಥರು, ತಮಗೆ ತಿಳಿಯದೆಯೇ, ಬಿಡದೆ ಪ್ರಯತ್ನಿಸುವುದನ್ನು ನಾಯಿಗೆ ಕಲಿಸುತ್ತಿರುತ್ತಾರೆ. ಚಿಲಕವನ್ನು ಹಂತಹಂತವಾಗಿ ಬಿಗಿಗೊಳಿಸುತ್ತ ಹೋಗುವುದೂ ಹಾಗೆಯೇ. ಅದು ಸುಲಭವಾದ ಲೆಕ್ಕದಿಂದ ಕಷ್ಟವಾದ ಲೆಕ್ಕಕ್ಕೆ ಶಿಷ್ಯನನ್ನು ಕರೆದೊಯ್ಯುವ ಉಪಾಧ್ಯಾಯರ ಕ್ರಮ.

ಇಷ್ಟೆಲ್ಲ ಹೇಳಿದ್ದು ಮಂಚದ ಆಸೆಗೆ ಹೊರಬರುವ ನಾಯಿಯ ಮಾತು. ಇನ್ನೊಂದು ಬಗೆಯ ನಾಯಿ ಉಂಟು. ಅದಕ್ಕೆ ಬಲವಾದ ಚಿಲಕ ಹಾಕುವುದು ಅಪಾಯಕರ. ಮನೆಯವರು ಬಾಗಿಲು ದಾಟಿದ ಕೆಲವೇ ನಿಮಿಷಗಳಲ್ಲಿ ಅದು ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಊಳಿಡುತ್ತದೆ, ತಂತಿಯನ್ನು ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ. ಉಗುರು ಕಿತ್ತು ರಕ್ತ ಬಂದರೂ ನಿಲ್ಲಿಸದು. ದೀಪಾವಳಿಯ ಪಟಾಕಿಯ ಸದ್ದಿಗೂ ಕೆಲವು ನಾಯಿಗಳು ಹೀಗೆಯೇ ಆಗುತ್ತವೆ. ಇದು ಭೀತಿ. ಗೂಡನ್ನು ಉಕ್ಕಿನಿಂದ ಕಟ್ಟಿಸಿದರೆ ನಾಯಿ ಒಳಗೆ ಉಳಿಯಬಹುದು, ಭೀತಿಯೂ ಅದರೊಡನೆ ಒಳಗೇ ಉಳಿಯುತ್ತದೆ.

“ಈಗ ಸುಮ್ಮನೆ ಮಲಗಿರುತ್ತದಲ್ಲ” ಎಂದು ಕೆಲವರು ಸಮಾಧಾನಪಟ್ಟುಕೊಳ್ಳಬಹುದು. ಅವರು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಸೆಲಿಗ್ಮನ್, ಮಾಯರ್ ಮೊದಲಾದವರು ನಡೆಸಿ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ತಿಳಿಯಬೇಕು. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದಂತೆ ವಿದ್ಯುತ್ತಿನ ಆಘಾತಗಳನ್ನು ಕೆಲವು ನಾಯಿಗಳಿಗೆ ಕೊಡಲಾಯಿತು. ಅನಂತರ ಅವನ್ನು ಬೇರೊಂದು ಪೆಟ್ಟಿಗೆಯಲ್ಲಿ ಬಿಟ್ಟರು. ಅಲ್ಲಿ ತಗ್ಗಾದ ಒಂದು ತಡೆಯನ್ನು ಹಾರಿದರೆ ಸಾಕು, ಆಘಾತ ನಿಲ್ಲುತ್ತಿತ್ತು. ಬಹುಪಾಲು ನಾಯಿಗಳು ಹಾರಲಿಲ್ಲ. ಮಲಗಿ ಮುಲುಗುತ್ತ ಸಹಿಸಿಕೊಂಡವು. ಆಘಾತವನ್ನು ತಾವೇ ನಿಲ್ಲಿಸಬಲ್ಲ ಅನುಭವ ಮೊದಲೇ ದೊರೆತಿದ್ದ ನಾಯಿಗಳು ಸುಲಭವಾಗಿ ಹಾರಿದವು. ನಾಯಿಗಳು ಕಲಿತದ್ದು ಅಸಹಾಯಕತೆಯನ್ನೇ ಎಂದು ಆಗ ವಿವರಿಸಲಾಗಿತ್ತು. 2016ರಲ್ಲಿ ಮಾಯರ್ ಮತ್ತು ಸೆಲಿಗ್ಮನ್ ತಮ್ಮ ವಿವರಣೆಯನ್ನು ತಿರುಗಿಸಿದರು: ದೀರ್ಘ ಸಂಕಟದಲ್ಲಿ ಜಡವಾಗುವುದು ಸಹಜವಾದ ಪ್ರತಿಕ್ರಿಯೆ, ಸನ್ನಿವೇಶ ತನ್ನ ಹತೋಟಿಯಲ್ಲಿದೆ ಎಂಬುದೇ ಕಲಿತು ಬರುವ ಅರಿವು. ಪ್ರಯೋಗಗಳ ಕ್ರೌರ್ಯವನ್ನು ಕುರಿತು ನನಗೂ ಅಸಮಾಧಾನವಿದೆ. ಆದರೆ ಅಲುಗದೆ ಮಲಗಿದ ನಾಯಿಯನ್ನೆಲ್ಲ ನೆಮ್ಮದಿಯಾಗಿದೆಯೆಂದು ತಿಳಿಯಲಾಗದೆಂಬುದು ಅವುಗಳಿಂದ ನಿಶ್ಚಯವಾಯಿತು.

ಭೀತಿಗೆ ಮದ್ದು ನಿಧಾನವಾದುದು. ಗೂಡಿನ ಬಾಗಿಲನ್ನು ತೆರೆದೇ ಇಟ್ಟು ಊಟವನ್ನು ಒಳಗೆ ಹಾಕಬೇಕು. ನಾಯಿ ತಾನಾಗಿ ಒಳಹೊಕ್ಕು ಮಲಗುವಂತಾದ ಮೇಲೆ ಬಾಗಿಲನ್ನು ಕೆಲವು ಸೆಕೆಂಡು ಮುಚ್ಚಿ, ಅದು ಗಾಬರಿಗೊಳ್ಳುವ ಮುನ್ನವೇ ತೆರೆಯಬೇಕು. ಬಳಿಕ ಒಂದು ನಿಮಿಷ, ಎರಡು ನಿಮಿಷ; ಅನಂತರ ಕೋಣೆಯಿಂದ ಹೊರಗೆ, ಆಮೇಲೆ ಮನೆಯಿಂದ ಹೊರಗೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬಾಕೆ ಮೊಲಕ್ಕೆ ಹೆದರುತ್ತಿದ್ದ ಮಗುವಿನ ಭಯವನ್ನು ಕಳೆದದ್ದು ಈ ಉಪಾಯದಿಂದಲೇ: ಮಗು ತಿನ್ನುತ್ತಿದ್ದಾಗ ಮೊಲವನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಹತ್ತಿರ ತಂದಳು. ಹೊಡೆದು ಬೈದು ಗೂಡಿಗೆ ಅಟ್ಟಿದರೆ ಗೂಡಿನ ಮೇಲಿನ ಭಯ ಹೆಚ್ಚುವುದೇ ಸರಿ. ಈ ಅಭ್ಯಾಸ ನಡೆಯುವಷ್ಟು ಕಾಲ ನಾಯಿಯನ್ನು ಒಂಟಿಯಾಗಿ ಕೂಡದೆ, ನೆರೆಹೊರೆಯವರ ಬಳಿ ಬಿಡುವ ಏರ್ಪಾಡಾಗಬೇಕು. ಕೆಲವು ನಾಯಿಗಳಿಗೆ ಗೂಡೇ ಒಗ್ಗುವುದಿಲ್ಲ. ಅವಕ್ಕೆ ಒಂದು ಕೋಣೆಯನ್ನು ಬಿಟ್ಟುಕೊಡುವುದು ಮೇಲು. ಗಾಯ ಮಾಡಿಕೊಳ್ಳುವ ನಾಯಿಯನ್ನು ಪಶುವೈದ್ಯರಿಗೆ ತೋರಿಸಬೇಕು. ಅಭ್ಯಾಸದೊಡನೆ ಕೊಡುವ ಔಷಧಗಳೂ ಈಗ ಉಂಟು.

ವಿದ್ಯಾರ್ಥಿಗಳು ಇದನ್ನೂ ಒಂದು ಪ್ರಯೋಗವೆಂದು ಭಾವಿಸಿ, ನಾಯಿ ಶಾಂತವಾಗಿದ್ದ ನಿಮಿಷಗಳನ್ನು ದಿನವೂ ಗುರುತು ಹಾಕಿ ರೇಖೆ ಎಳೆಯಬಹುದು. ಹೊರಗಿದ್ದಾಗ ನೋಡಲು ಮೊಬೈಲಿನ ಕ್ಯಾಮರಾ ಸಾಕು. ರೇಖೆ ನೇರವಾಗಿ ಏರದು. ಥಾರ್ನ್‌ಡೈಕನ ಬೆಕ್ಕಿಗೆ 30ರ ಬೆನ್ನಿಗೆ 90 ಬಂದಿತಲ್ಲವೆ? ಒಂದು ದಿನ ಕೆಳಗೆ ಬಿದ್ದರೆ ಹಿಂದಿನ ಹಂತಕ್ಕೆ ಮರಳಿ, ಅಲ್ಲಿ ಎರಡು ಮೂರು ದಿನ ನಿಂತು, ಮತ್ತೆ ಮುಂದುವರಿಸಬೇಕು.